ಮೂರ್ತಿಗಾರಿ ಪದ್ಧತಿ

ಊಟ ಮುಗಿಸಿ ಮೇಜಿನಿಂದ ಏಳುವಾಗ ನಾನು ಎರಡೂ ಕೈ ಒಮ್ಮೆ ಮೆಲ್ಲಗೆ ತಟ್ಟಿ, ಅಂಗೈ ಮೇಲೆ ಮಾಡಿ, ಮತ್ತೆ ಮಗುಚಿ ತೋರಿಸಿ ಏಳುತ್ತೇನೆ. ಮನೆಗೆ ಬಂದ ನೆಂಟರು ಇದೇನೋ ಹೊಸ ಬಗೆಯ ಸಂಧ್ಯಾವಂದನೆ ಅಂದುಕೊಳ್ಳುತ್ತಾರೆ. ನನ್ನ ಹೆಂಡತಿ ಸರಸ ಮಾತ್ರ, "ಆಯ್ತು ಏಳ್ರೀ, ನೀವು ಚಮಚ ಕದ್ದಿಲ್ಲ ಅಂತ ಗೊತ್ತಾಯ್ತು" ಎಂದು ನಗುತ್ತಾಳೆ.

ಅದು ನನ್ನ ಕಸುಬಿನಿಂದ ಅಂಟಿದ್ದು. ಕ್ಯಾಸಿನೊದಲ್ಲಿ ಇಸ್ಪೀಟು ಹಂಚುವವನನ್ನು, ಚಕ್ರ ತಿರುಗಿಸುವವನನ್ನು ಡೀಲರ್ ಅನ್ನುತ್ತಾರೆ. ಅವನು ಮೇಜು ಬಿಟ್ಟು ಏಳುವ ಮುಂಚೆ ಛಾವಣಿಯಲ್ಲಿರುವ ಕ್ಯಾಮೆರಾಕ್ಕೆ ಕೈ ತೋರಿಸಲೇಬೇಕು. ನನ್ನ ಕೈಯಲ್ಲಿ ಏನೂ ಇಲ್ಲ, ನಾನು ಏನೂ ತೆಗೆದುಕೊಂಡು ಹೋಗುತ್ತಿಲ್ಲ ಅಂತ. ಮೊದಲು ಕಠ್ಮಂಡುವಿನಲ್ಲಿ, ಆಮೇಲೆ ಹಡಗುಗಳಲ್ಲಿ ಹೀಗೆ ಕೈ ತೋರಿಸಿದೆ. ಮೊಣಕಾಲು ಸೋತು ನಿಲ್ಲಲಾರದಂತಾದ ಮೇಲೆ ವಿಶಾಖಪಟ್ಟಣದಲ್ಲಿ ಡೀಲರುಗಳನ್ನು ತಯಾರು ಮಾಡುವ ಒಂದು ಶಾಲೆಯಲ್ಲಿ ಮೇಷ್ಟ್ರಾದೆ. ಅಲ್ಲಿಂದ ನಿವೃತ್ತನಾಗಿ ಈಗ ವಿಜಯವಾಡದ ಪಟಮಟದ ಮನೆಯಲ್ಲಿ ಸುಮ್ಮನೆ ಕೂತಿದ್ದೇನೆ.

ಹಳೆಯ ವಿದ್ಯಾರ್ಥಿಗಳ ತಮ್ಮಂದಿರು, ತಂಗಿಯರು ಈಗ ಫೋನ್ ಮಾಡುತ್ತಾರೆ. "ಸಾರ್, ಪ್ರಮೋಷನ್ ಹೇಗೆ? ಎಷ್ಟು ವರ್ಷಕ್ಕೆ ಸೂಪರ್‌ವೈಸರ್ ಆಗಬಹುದು?" ಅಯ್ಯೋ, ಅದನ್ನು ಕಂಪನಿಯವರೇ ಹೇಳುತ್ತಾರೆ. ಕಂಪನಿಯವರು ಹೇಳದೆ ಬಿಡುವುದನ್ನು ನಾನು ಬರೆದಿಡುತ್ತೇನೆ. ಓದಿದರೆ ಓದಿ, ಬಿಟ್ಟರೆ ಬಿಡಿ.

ನನ್ನ ಮೊದಲ ಮೇಲಧಿಕಾರಿ ಒಬ್ಬ ಫಿಲಿಪೀನ್ಸಿನವನು. ಬೆಕ್ಕಿನ ಹಾಗೆ ಹೆಜ್ಜೆಯ ಸದ್ದಿಲ್ಲದೆ ಹಿಂದೆ ಬಂದು ನಿಲ್ಲುತ್ತಿದ್ದ. ಚೆಂಡು ಬಿದ್ದ ಸಂಖ್ಯೆ ಗೆಲ್ಲುವ ರೂಲೆಟ್ ಚಕ್ರಕ್ಕೆ ನಾನು ಬಂದು ತಿಂಗಳಾಗಿರಲಿಲ್ಲ. ಒಬ್ಬ ಮುದುಕಿ ದಿನಾ ಬಂದು ಹದಿನೇಳನೇ ಸಂಖ್ಯೆಯ ಮೇಲೇ, ದುಡ್ಡಿನ ಬದಲು ಕೊಡುವ ಬಿಲ್ಲೆ ಇಡುತ್ತಿದ್ದಳು. ಒಂದು ದಿನ ಅವಳ ಮುಂದಿನ ಬಿಲ್ಲೆಗಳ ಗುಡ್ಡೆ ಕರಗಿ ನಾಲ್ಕಕ್ಕೆ ಬಂತು. ನನಗೆ ನಮ್ಮ ಅಜ್ಜಿ ನೆನಪಾದಳು. ಮುದುಕಿ ಕೈ ಮುಂದೆ ಚಾಚಿದಾಗ ನಾನು ಬೇಡ ಎನ್ನುವಂತೆ ಒಂದು ಕೂದಲೆಳೆಯಷ್ಟು ತಲೆ ಅಲ್ಲಾಡಿಸಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಚೆಂಡು ಹೋಗಿ ಹದಿನೇಳರಲ್ಲೇ ಕೂತಿತು.

ಆ ಮುದುಕಿ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಮೇಲಧಿಕಾರಿ ನನ್ನನ್ನು ಮೇಜಿನಿಂದ ಎಬ್ಬಿಸಿ, ವಾರವಿಡೀ ಹಿಂದಿನ ಕೋಣೆಯಲ್ಲಿ ಬಿಲ್ಲೆಗಳನ್ನು ಸೋಪಿನ ನೀರಲ್ಲಿ ತೊಳೆಯಲು ಹಾಕಿದ. "ಸಲಹೆ ಕೊಡೋದಕ್ಕೆ ನಿನಗೆ ಸಂಬಳ ಇಲ್ಲ. ಕೊಟ್ಟರೆ ಆಮೇಲೆ ಆಗೋದಕ್ಕೆಲ್ಲ ನೀನೇ ಹೊಣೆ" ಎಂದ. ಬಿಲ್ಲೆ ತೊಳೆಯುತ್ತಾ ಅವನನ್ನು ಬಾಯಿಗೆ ಬಂದ ಹಾಗೆ ಮೈಸೂರು ಕನ್ನಡದಲ್ಲಿ ಬೈದೆ. ಅವನು ಹೇಳಿದ್ದು ಸರಿ ಅಂತ ಗೊತ್ತಾಗಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ವಿಶಾಖಪಟ್ಟಣಕ್ಕೆ ಬಂದದ್ದು ಸರಸಳ ಕಾರಣಕ್ಕೆ. ಅವಳು ಬ್ಯಾಂಕಿನವಳು. ವಿಜಯವಾಡದ ಗವರ್ನರ್‌ಪೇಟೆ ಶಾಖೆಗೆ ವರ್ಗ ಆಗಿತ್ತು. ಗಂಡ ಹೆಂಡತಿ ಒಂದೇ ರಾಜ್ಯದಲ್ಲಾದರೂ ಇರೋಣ ಎಂದು ನಾನು ಈ ಶಾಲೆಯ ಕೆಲಸ ಹಿಡಿದೆ. ವಾರವೆಲ್ಲ ವಿಶಾಖಪಟ್ಟಣ, ಶನಿವಾರ ಭಾನುವಾರ ಪಟಮಟ. ಶಾಲೆ ದ್ವಾರಕಾನಗರದ ಒಂದು ಟ್ಯೂಷನ್ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಕೆಳಗೆ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಪಾಠ, ಮೇಲೆ ನಮ್ಮ ಚಕ್ರ. ಆಡಲು ದುಡ್ಡಿಲ್ಲ, ಬೆಲೆ ಇಲ್ಲದ ಪ್ಲಾಸ್ಟಿಕ್ ಬಿಲ್ಲೆ ಅಷ್ಟೆ. ಆದರೂ ಒಮ್ಮೆ ಪೊಲೀಸರು ಏರಿ ಬಂದು, ಹಸಿರು ಬಟ್ಟೆಯ ಮೇಜು ನೋಡಿ ಕೆಂಡವಾದರು. ನಮ್ಮ ಹುಡುಗರು ಗುಣಾಕಾರದ ಮಗ್ಗಿ ಬಾಯಿಪಾಠ ಹೇಳುತ್ತಿದ್ದುದನ್ನು ಕೇಳಿ ಅವರಿಗೇ ನಾಚಿಕೆಯಾಗಿ ಇಳಿದುಹೋದರು.

ಮೊದಲ ದಿನದ ಪಾಠ ಯಾವಾಗಲೂ ಒಂದೇ. ಚಕ್ರದಲ್ಲಿ ಒಂದರಿಂದ ಮೂವತ್ತಾರು, ಜೊತೆಗೆ ಒಂದು ಸೊನ್ನೆ, ಒಟ್ಟು ಮೂವತ್ತೇಳು ಮನೆ. ಎಲ್ಲದರ ಮೇಲೂ ಒಂದೊಂದು ಬಿಲ್ಲೆ ಇಡಿ ಅನ್ನುತ್ತಿದ್ದೆ. ಮೂವತ್ತೇಳು ಇಡುತ್ತಿದ್ದರು. ಚೆಂಡು ಎಲ್ಲಾದರೂ ಬೀಳಲಿ, ಗೆದ್ದ ಬಿಲ್ಲೆಯನ್ನೂ ಸೇರಿಸಿ ನಾನು ವಾಪಸು ಕೊಡುವುದು ಮೂವತ್ತಾರು. ಉಳಿದ ಒಂದನ್ನು ಎತ್ತಿ ತೋರಿಸಿ, "ಇದೇ ನಿಮ್ಮ ಸಂಬಳ. ಹಡಗಿನ ದೀಪ ಉರಿಯುವುದೂ ಇದರಿಂದಲೇ" ಎನ್ನುತ್ತಿದ್ದೆ. ಇದರಲ್ಲಿ ಮೋಸ ಇಲ್ಲ, ಕೈಚಳಕ ಇಲ್ಲ. ಎಲ್ಲರ ಕಣ್ಣೆದುರಿಗೇ ಬರೆದಿಟ್ಟ ಲೆಕ್ಕ. ಇಸ್ಪೀಟಿನ ಇಪ್ಪತ್ತೊಂದರ ಆಟದಲ್ಲೂ ಅಷ್ಟೆ. ಆಟಗಾರ ಮೊದಲು ಎಲೆ ತೆಗೆಯುತ್ತಾನೆ. ಎಲೆಗಳ ಮೊತ್ತ ಇಪ್ಪತ್ತೊಂದು ದಾಟಿದರೆ ಅವನ ಬಿಲ್ಲೆ ಆಗಲೇ ನನ್ನದು. ಆಮೇಲೆ ನಾನೂ ದಾಟಿದರೆ ಅವನದನ್ನು ವಾಪಸು ಕೊಡಬೇಕಿಲ್ಲ. ಯಾರು ಮೊದಲು ಆಡಬೇಕು ಎನ್ನುವುದರಲ್ಲೇ ಎಲ್ಲ ಇದೆ.

ಸೋತಾಗಲೆಲ್ಲ ಎರಡರಷ್ಟು ಇಟ್ಟರೆ ಒಂದಲ್ಲ ಒಂದು ಸಲ ಎಲ್ಲ ವಾಪಸು ಬರುತ್ತದಲ್ಲ ಸಾರ್ ಎಂದು ಪ್ರತಿ ತಂಡದಲ್ಲೂ ಒಬ್ಬ ಜಾಣ ಕೇಳುತ್ತಿದ್ದ. ಅದಕ್ಕೇ ಮೇಜಿನ ಮೇಲೆ ಗರಿಷ್ಠ ಇಷ್ಟು ಎಂಬ ಫಲಕ ಇರುತ್ತದೆ ಕಣಪ್ಪಾ ಎನ್ನುತ್ತಿದ್ದೆ. ಏಳೆಂಟು ಸಲ ಸೋಲುವಷ್ಟರಲ್ಲಿ ಆ ಫಲಕ ಅಡ್ಡ ಬರುತ್ತದೆ. ಇಲ್ಲದಿದ್ದರೆ ಜೇಬು ಬರಿದಾಗುತ್ತದೆ. ಈಗೀಗ ಚಕ್ರದ ಪಕ್ಕ ಒಂದು ಪರದೆ ನಿಲ್ಲಿಸುತ್ತಾರೆ, ಹಿಂದೆ ಬಿದ್ದ ಸಂಖ್ಯೆಗಳನ್ನೆಲ್ಲ ತೋರಿಸಲಿಕ್ಕೆ. ಜನ ಅದನ್ನು ನೋಡಿ ಬರೆದುಕೊಳ್ಳುತ್ತಾರೆ. ಒಂದಿಷ್ಟಾದರೂ ಉಪಯೋಗ ಇದ್ದಿದ್ದರೆ ಕ್ಯಾಸಿನೊದವರು ಕೈಯಾರೆ ಆ ಪರದೆ ಹಾಕುತ್ತಿದ್ದರೇನ್ರಿ? ಎಲೆ ಕಲೆಸುವುದಕ್ಕೂ ಈಗ ಯಂತ್ರ ಬಂದಿದೆ. ನಾನು ಮೂರು ತಿಂಗಳು ಬೆರಳು ನೋಯಿಸಿಕೊಂಡು ಕಲಿಸುತ್ತಿದ್ದ ವಿದ್ಯೆಯನ್ನು ಒಂದು ಡಬ್ಬಿ ಗುಂಯ್ ಎಂದು ಮುಗಿಸುತ್ತದೆ.

ಪದ್ಮ ನನ್ನ ತರಗತಿಗೆ ಬಂದದ್ದು ನಾನು ಅಲ್ಲಿಗೆ ಸೇರಿದ ಮೊದಲ ವರ್ಷ. ನನಗೆ ಸಿಕ್ಕ ವಿದ್ಯಾರ್ಥಿಗಳಲ್ಲಿ ಅವಳಂಥ ಕೈ ಇನ್ನೊಂದಿಲ್ಲ. ಇಪ್ಪತ್ತು ಬಿಲ್ಲೆಯ ಕಂಬವನ್ನು ಒಂದೇ ಸವರಿಗೆ ಐದೈದಾಗಿ ಕತ್ತರಿಸಿ ಹರಡುತ್ತಿದ್ದಳು, ಸದ್ದೇ ಬರುತ್ತಿರಲಿಲ್ಲ. ಆದರೆ ಪಾಠದ ಲೆಕ್ಕ ಮಾತ್ರ ಬಿಡದೆ ಕೇಳುತ್ತಿದ್ದಳು. ಡೀಲರಿಗೆ ಅಷ್ಟು ಬೇಡ ಕಣಮ್ಮಾ ಎಂದರೆ, "ನಂಗಲ್ಲ ಸಾರ್, ನಾನ್ನಕ್ಕೆ" ಎಂದಳು. ಅವಳ ಅಜ್ಜಿ ಬಳ್ಳಾರಿಯವಳಂತೆ, ಕನ್ನಡ ಅಲ್ಲಲ್ಲಿ ಬರುತ್ತಿತ್ತು. ನಾನ್ನ ಅಂದರೆ ಅಪ್ಪ.

ಅಪ್ಪನ ಹೆಸರು ವೀರಭದ್ರರಾವ್. ವಿಜಯವಾಡದ ಬೆಂಜ್ ಸರ್ಕಲಿನ ಒಂದು ಮೋಟಾರ್ ಸೈಕಲ್ ಷೋರೂಮಿನಲ್ಲಿ ಸೂಪರ್‌ವೈಸರ್. ಮನೆ ಪಟಮಟದಲ್ಲೇ, ನಮ್ಮಿಂದ ಎರಡು ಬೀದಿ ಆಚೆ. ಹೆಂಡತಿ ತೀರಿಕೊಂಡ ಮೇಲೆ ಗೆಳೆಯರ ಜೊತೆ ಗೋವಾಕ್ಕೆ ಹೋಗಿ ಕ್ಯಾಸಿನೊ ಚಟ ಹತ್ತಿಸಿಕೊಂಡಿದ್ದ. ಎರಡು ತಿಂಗಳಿಗೊಮ್ಮೆ ಗೋವಾದ ವಾಸ್ಕೋಗೆ ಹೋಗುವ ರೈಲು ಹತ್ತುತ್ತಿದ್ದ. ಪದ್ಮ ಈ ಕೋರ್ಸಿಗೆ ಸೇರಿದ್ದು ಹಡಗಿನ ಕೆಲಸಕ್ಕಿಂತ ಹೆಚ್ಚಾಗಿ ಅಪ್ಪನನ್ನು ಬಿಡಿಸಲಿಕ್ಕೆ. ಮೇಜಿನ ಆಚೆ ಬದಿಯಲ್ಲಿ ಏನಿದೆ ಎಂದು ಕಲಿತು, ಗೆಲ್ಲುವುದು ಆಗದ ಮಾತು ಎಂದು ಅಪ್ಪನಿಗೆ ತೋರಿಸಿಕೊಡಬೇಕು ಎಂಬ ಹಟ. ಆದರೆ ಅಪ್ಪ ಮಗಳ ಮಾತು ಕೇಳಲಿಲ್ಲ. "ಸಾರ್, ಒಂದ್ಸಲ ನೀವು ಹೇಳಿ. ನೀವು ಒಳಗಿದ್ದೋರು. ನೀವು ಹೇಳಿದ್ರೆ ಕೇಳ್ತಾರೆ" ಎಂದು ದಮ್ಮಯ್ಯ ಹಾಕಿದಳು. ಒಂದು ಭಾನುವಾರ ಬೆಳಿಗ್ಗೆ ಕರೆದುಕೊಂಡು ಬಾ ಎಂದೆ. ಫಿಲಿಪೀನ್ಸಿನವನ ಮಾತು ಆಗ ನೆನಪಿಗೇ ಬರಲಿಲ್ಲ.

ಇಲ್ಲಿ ನನ್ನ ತೆಲುಗಿನ ವಿಷಯ ಹೇಳಬೇಕು. ನಾನು ಮೈಸೂರಿನವನು, ತೆಲುಗು ನಾಲಿಗೆಗೆ ಬಿದ್ದವನಲ್ಲ. ಆದರೆ ಬಂದ ಆರು ತಿಂಗಳಲ್ಲಿ ಒಂದು ಉಪಾಯ ಕಂಡುಹಿಡಿದುಕೊಂಡಿದ್ದೆ. ನಮ್ಮ 'ಹ' ತೆಗೆದು 'ಪ' ಹಾಕಿದರೆ ತೆಲುಗು. ಹಾಲು ಪಾಲು, ಹುಲಿ ಪುಲಿ, ಹಂದಿ ಪಂದಿ, ಹೋಗು ಅಂದರೆ ಪೋ. ಕೊನೆಗೆ ಒಂದು 'ಅಂಡಿ' ಸೇರಿಸಿದರೆ ಮರ್ಯಾದೆಯೂ ಆಯಿತು. ತರಕಾರಿಯವಳು, ಆಟೋದವನು ಎಲ್ಲರ ಹತ್ತಿರವೂ ಇದೇ ನಡೆಸುತ್ತಿದ್ದೆ. "ನಿಮ್ಮ ತೆಲುಗು ಕೇಳಿದ್ರೆ ತೆಲುಗಿನವ್ರು ಕನ್ನಡ ಕಲೀತಾರೆ ಅಷ್ಟೆ" ಎಂದು ಸರಸ ಅಣಕಿಸುತ್ತಿದ್ದಳು. ನಾನು ಜಂಬ ಬಿಡಲಿಲ್ಲ.

ವೀರಭದ್ರರಾವ್ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಬಗಲಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಬಂದ. ತುಂಬ ಸಭ್ಯ ಮನುಷ್ಯ. ನನ್ನನ್ನು ಗುರುವುಗಾರು ಎಂದ. ಉಪ್ಪಿಟ್ಟು ತಿನ್ನುತ್ತಾ ನಾನು ಇಂಗ್ಲಿಷಿನಲ್ಲೇ ಸೊನ್ನೆಯ ಲೆಕ್ಕ ಹೇಳಿದೆ, ಫಲಕದ ಗುಟ್ಟು ಹೇಳಿದೆ, ಪರದೆಯ ಕಥೆ ಹೇಳಿದೆ. ಪದ್ಮ ಅಪ್ಪನ ಮುಖವನ್ನೇ ನೋಡುತ್ತಾ ಕೂತಿದ್ದಳು. ಅವನಿಗೆ ಎಲ್ಲ ಅರ್ಥವಾಯಿತು. ತಲೆಯಾಡಿಸಿದ. ಕಾಫಿ ತರಲು ಪದ್ಮ ಸರಸಳ ಜೊತೆ ಒಳಗೆ ಹೋದಳು. ಆಗ ಅವನು ಮುಂದಕ್ಕೆ ಬಾಗಿ ಕೇಳಿದ, "ಅಂತಾ ನಿಜಮೇನಂಡಿ, ಎಲ್ಲ ನಿಜವೇ. ಆದರೆ ಇಷ್ಟು ವರ್ಷ ಒಳಗಿದ್ದೀರಿ, ನನ್ನಂಥವನು ಏನು ಮಾಡಬೇಕು, ಒಂದೇ ಮಾತಲ್ಲಿ ಹೇಳಿ."

ಒಂದೇ ಮಾತು. ಆ ಮಾತು ಅವನ ಎದೆಗೇ ಮುಟ್ಟಲಿ, ಅವನ ಭಾಷೆಯಲ್ಲೇ ಹೇಳೋಣ ಎನಿಸಿತು. ಒಮ್ಮೆ ಗೆದ್ದರೆ ತಕ್ಷಣ ಅಲ್ಲಿಂದ ಓಡಿಹೋಗಿ, ತಿರುಗಿ ನೋಡಬೇಡಿ ಎನ್ನುವುದು ನನ್ನ ಮನಸ್ಸಿನಲ್ಲಿದ್ದದ್ದು. ಎದ್ದು ನಿಂತು, ಬೆರಳೆತ್ತಿ ಹೇಳಿದೆ:

"ಒಕ್ಕಸಾರಿ ಗೆಲಿಸ್ತೇ, ವೆಂಟನೇ ಓಡಿಪೋಂಡಿ!"

ಅವನ ಕಣ್ಣು ಅರಳಿತು. ನೋಟ್‌ಬುಕ್ ತೆಗೆದು ಬರೆದುಕೊಂಡು ಮುಚ್ಚಿದ. ಎದ್ದು ಕೈಮುಗಿದ. ಬರೆದುಕೊಂಡನಲ್ಲ ಎಂದು ನನಗೆ ಎಷ್ಟು ಹಿಗ್ಗು! ಆ ದಿನವೆಲ್ಲ ಸರಸಳ ಮುಂದೆ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಒಂದೂವರೆ ತಿಂಗಳಾಗಿರಬೇಕು. ವಿಶಾಖಪಟ್ಟಣದ ತರಗತಿಗೆ ಬೆಳಿಗ್ಗೆ ಹೋದರೆ ಹುಡುಗರೆಲ್ಲ ಜೋಲುಮುಖ ಹಾಕಿಕೊಂಡು ಕೂತಿದ್ದಾರೆ. ಹಿಂದಿನ ದಿನ ಕ್ರಿಕೆಟ್ ಪಂದ್ಯ ಇತ್ತು. ಏನಾಯಿತ್ರೋ ಎಂದೆ.

"ಮನೋಳ್ಳು ಓಡಿಪೋಯಾರು ಸಾರ್" ಎಂದ ಒಬ್ಬ.

"ಎಕ್ಕಡಿಕಿ?" ಎಂದೆ. ನಮ್ಮವರು ಎಲ್ಲಿಗೆ ಓಡಿಹೋದರು ಅಂತ.

ತರಗತಿ ಬಿದ್ದು ಬಿದ್ದು ನಕ್ಕಿತು. ನಗು ತಡೆದುಕೊಂಡು ಪದ್ಮಳೇ ಬಿಡಿಸಿ ಹೇಳಿದಳು. "ಸಾರ್, ಕನ್ನಡದಲ್ಲಿ ಓಡಿಹೋಗೋದು ಅಂದ್ರೆ ಪರಾರಿ. ತೆಲುಗಲ್ಲಿ ಓಡಿಪೋವಡಂ ಅಂದ್ರೆ ಸೋಲೋದು. ಪರಾರಿಗೆ ಪಾರಿಪೋ ಅನ್ಬೇಕು." ನಾನೂ ನಕ್ಕೆ. ನಗುತ್ತಾ ನಗುತ್ತಾ ಆ ಭಾನುವಾರ ನೆನಪಾಯಿತು. ಒಮ್ಮೆ ಗೆದ್ದರೆ ತಕ್ಷಣ ಸೋತುಬಿಡಿ. ಅಯ್ಯೋ ದೇವರೇ, ನಾನು ಆ ಮನುಷ್ಯನಿಗೆ ಹೇಳಿದ್ದು ಅದು.

ಪದ್ಮಳನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಹೇಳಿದೆ. ಅವಳ ಮುಖದ ನಗು ಆರಿಹೋಯಿತು. "ಅದಕ್ಕಾ ಸಾರ್, ಗೋವಾದಿಂದ ಬಂದಾಗಿಂದ ನಾನ್ನ ಲೆಕ್ಕ ಬರೀತಾ ಕೂತಿರೋದು" ಎಂದಳು, ಅಷ್ಟೆ. ಆ ಶನಿವಾರ ಇಬ್ಬರೂ ಒಂದೇ ರೈಲಿನಲ್ಲಿ ವಿಜಯವಾಡಕ್ಕೆ ಬಂದು ನೇರವಾಗಿ ಬೆಂಜ್ ಸರ್ಕಲಿನ ಷೋರೂಮಿಗೆ ಹೋದೆವು.

ವೀರಭದ್ರರಾವ್ ನನ್ನನ್ನು ಕಂಡು ದೇವರು ಬಂದ ಹಾಗೆ ಎದ್ದು ಬಂದ. ಡ್ರಾಯರಿನಿಂದ ನೋಟ್‌ಬುಕ್ ತೆಗೆದ. ಹಾಳೆಗಳ ತುಂಬ ಕೆಂಪು ಹಸಿರು ಗೆರೆ, ಸಂಖ್ಯೆ. ಪ್ರತಿ ಹಾಳೆಯ ನೆತ್ತಿಯ ಮೇಲೆ ದುಂಡಗೆ ಒಂದು ತಲೆಬರಹ. ತೆಲುಗು ಅಕ್ಷರ ನಮ್ಮದರ ಅಣ್ಣತಮ್ಮನೇ ತಾನೇ, ಓದಲು ಬಂತು. 'ಮೂರ್ತಿಗಾರಿ ಪದ್ಧತಿ.' ಮೂರ್ತಿಯವರ ಪದ್ಧತಿ ಅಂತ. ಮೂರ್ತಿ ಅಂದರೆ ನಾನೇ.

ಅವನು ಉತ್ಸಾಹದಿಂದ ವಿವರಿಸಿದ. ಗೆದ್ದ ಕೂಡಲೇ ಬೇಕೆಂದೇ ಒಂದು ಸಣ್ಣ ಆಟ ಸೋಲಬೇಕು. ಬಿಲ್ಲೆಯನ್ನು ಬರಲಾರದ ಕಡೆ ಇಟ್ಟು ಕ್ಯಾಸಿನೊದ ಪಾಲನ್ನು ಅದಕ್ಕೆ ಒಪ್ಪಿಸಿಬಿಡಬೇಕು. ಆಗ ಅದಕ್ಕೆ ನಿಮ್ಮ ಮೇಲೆ ಕಣ್ಣಿರುವುದಿಲ್ಲ, ಮುಂದಿನದು ನಿಮ್ಮದೇ. ಯಾವ ಪುಸ್ತಕದಲ್ಲೂ ಇಲ್ಲದ ಗುಟ್ಟು, ಒಳಗಿದ್ದ ಗುರುವುಗಾರು ಕೊಟ್ಟದ್ದು. ಅದನ್ನು ಹಿಡಿದುಕೊಂಡು ಗೋವಾಕ್ಕೆ ಹೋಗಿದ್ದ. ಹೋಗಿ ಗೆದ್ದು ಬಂದಿದ್ದ.

ಹೊಸಬರೇ, ಇದನ್ನು ನೆನಪಿಟ್ಟುಕೊಳ್ಳಿ. ಹೊಸ ಪದ್ಧತಿ ಹಿಡಿದು ಬಂದವನಿಗೆ ಮೊದಲ ದಿನ ಗೆಲುವು ಸಿಕ್ಕಿತೋ, ಅವನ ಕಥೆ ಮುಗಿಯಿತು. ಚಕ್ರಕ್ಕೆ ಇದ್ಯಾವುದೂ ಗೊತ್ತಿಲ್ಲ. ಯಾರಿಗೋ ಆ ದಿನ ಗೆಲುವು ಬರಲೇಬೇಕು, ಇವನಿಗೆ ಬಂತು ಅಷ್ಟೆ.

ನಾನು ತಡವರಿಸಿ ತಡವರಿಸಿ ನನ್ನ ತಪ್ಪು ಒಪ್ಪಿಕೊಂಡೆ. ಅದು ಕನ್ನಡದ ಓಡಿಹೋಗು, ನಾನು ಹೇಳಬೇಕಾಗಿದ್ದದ್ದು ಪಾರಿಪೋಂಡಿ, ಈ ಪದ್ಧತಿ ಗಿದ್ಧತಿ ಏನೂ ಇಲ್ಲ ಎಂದೆ. ಪದ್ಮ ತೆಲುಗಿನಲ್ಲಿ ಬಿಡಿಸಿ ಬಿಡಿಸಿ ಹೇಳಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ಅವನು ಎಲ್ಲವನ್ನೂ ಕೇಳಿ, ತುಟಿಯಂಚಲ್ಲಿ ನಕ್ಕು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಗುರುವುಗಾರು, ಆ ರೋಜು ಮೀ ನೋಟ ನಿಜಂ ವಚ್ಚೇಸಿಂದಿ" ಎಂದ. ಆ ದಿನ ನಿಮ್ಮ ಬಾಯಿಂದ ನಿಜ ಹೊರಬಿತ್ತು. ಇವತ್ತು ಕಂಪನಿಯ ಉಪ್ಪು ತಿಂದ ಋಣಕ್ಕೆ ಮುಚ್ಚಿಡುತ್ತಿದ್ದೀರಿ. ಪರವಾಗಿಲ್ಲ, ನಾನು ನಿಮ್ಮ ಹೆಸರು ಹೊರಗೆ ಬಿಡುವುದಿಲ್ಲ.

ನಾನು ಬೈದೆ. ಮೇಜು ಕುಟ್ಟಿದೆ. ಷೋರೂಮಿನ ಜನ ತಿರುಗಿ ನೋಡಿದರು. ನಾನು ಕೂಗಿದಷ್ಟೂ ಅವನ ನಂಬಿಕೆ ಗಟ್ಟಿಯಾಯಿತು. ಹೆಸರು ಹೊರಗೆ ಬಿಡುವುದಿಲ್ಲ ಎಂದದ್ದೂ ಸುಳ್ಳಾಯಿತು. ಗೋವಾಕ್ಕೆ ಹೋಗುವ ಅವನ ಗೆಳೆಯರ ನಡುವೆ ಮೂರ್ತಿಗಾರಿ ಪದ್ಧತಿ ಹಬ್ಬಿತು. ಒಮ್ಮೆ ಗವರ್ನರ್‌ಪೇಟೆಯ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಪಕ್ಕದ ಮೇಜಿನ ಅಪರಿಚಿತ ಇನ್ನೊಬ್ಬನಿಗೆ ಅದನ್ನು ಪಾಠ ಹೇಳುತ್ತಿದ್ದ. ನಾನು ಅರ್ಧ ಇಡ್ಲಿ ಬಿಟ್ಟು ಎದ್ದುಬಂದೆ. ಸರ್ವಿಸಿನಲ್ಲಿ ನನಗೆ ಪದಕ ಪ್ರಶಸ್ತಿ ಯಾವುದೂ ಬರಲಿಲ್ಲ. ನನ್ನ ಹೆಸರಿನಲ್ಲಿ ಉಳಿದಿರುವುದು ಅದೊಂದೇ.

ಪದ್ಮಳಿಗೆ ಹಡಗಿನ ಕರೆ ಬಂತು. ಸಂದರ್ಶನಕ್ಕೆ ಬಂದಿದ್ದ ಅಧಿಕಾರಿ ಅವಳ ಕೈ ನೋಡಿದ್ದೇ ತಡ, ನೇರ ಆಯ್ಕೆ. "ನಾನ್ನನ್ನ ಬಿಟ್ಟು ಹೆಂಗೆ ಹೋಗ್ಲಿ ಸಾರ್" ಎಂದು ನಿಂತುಬಿಟ್ಟಳು. ಮಾರನೇ ವರ್ಷ ಮತ್ತೆ ಕರೆ ಬಂತು. ಹೋಗು ತಾಯಿ, ನಾನು ನೋಡಿಕೊಳ್ಳುತ್ತೇನೆ ಎಂದೆ. "ನೀವಾ ಸಾರ್?" ಎಂದಳು. ಬೇಸರದಿಂದ ಹೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಆದರೂ ನನಗೆ ಚುಚ್ಚಿತು. ಆಮೇಲೆ ಬೆಂಜ್ ಸರ್ಕಲಿನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಟೋಕನ್ ಕೊಡುವ ಕೆಲಸಕ್ಕೆ ಸೇರಿದಳು. ಒಮ್ಮೆ ಅಲ್ಲಿಗೆ ರಕ್ತಪರೀಕ್ಷೆಗೆ ಹೋಗಿದ್ದೆ. ಟೋಕನ್ ಬಿಲ್ಲೆಗಳನ್ನು ಒಂದೇ ಸವರಿಗೆ ಐದೈದಾಗಿ ಕತ್ತರಿಸುತ್ತಾ ಕೂತಿದ್ದಳು. ನಾನು ಮಾತಾಡಿಸದೆ ಸರತಿಯಲ್ಲಿ ನಿಂತೆ.

ಅಪ್ಪ ಆಡುತ್ತಲೇ ಹೋದ. ಒಂದು ಭಾನುವಾರವೂ ಬಿಡದೆ ಅವನ ಮನೆಗೆ ಹೋಗಿ ಕೂರುತ್ತಿದ್ದೆ. ಅವನು ಹೊಸ ಹಾಳೆ ತೋರಿಸುತ್ತಿದ್ದ, ನಾನು ಅದೇ ಮಾತು ಹೇಳುತ್ತಿದ್ದೆ. ಪಾರಿಪೋಂಡಿ, ಪಾರಿಪೋಂಡಿ. ಅವನು ನಕ್ಕು ಕಾಫಿ ತರಿಸುತ್ತಿದ್ದ. ಮೊದಲು ಮೋಟಾರ್ ಸೈಕಲ್ ಹೋಯಿತು, ಆಮೇಲೆ ಪದ್ಮಳ ಅಮ್ಮನ ಬಳೆ. ಮನೆಯೂ ಕೈಬಿಟ್ಟು, ಅದೇ ಮನೆಯಲ್ಲಿ ಬಾಡಿಗೆಗೆ ಇದ್ದರು. ಎಲ್ಲದಕ್ಕೂ ನಾನೇ ಕಾರಣ ಎಂದರೆ ಸರಸಳಿಗೆ ಸಿಟ್ಟು ಬರುತ್ತದೆ. "ನೀವು ಸರಿಯಾದ ಮಾತೇ ಹೇಳಿದ್ರೂ ಅವ್ನು ಆಡ್ತಿದ್ದ ಕಣ್ರೀ, ಅದು ಅವ್ನ ಹಣೆಬರಹ." ಇರಬಹುದು. ಆದರೆ ಆಗ ಅವನು ಆಡುತ್ತಿದ್ದದ್ದು ಅವನ ಆಟವಾಗಿರುತ್ತಿತ್ತು, ನನ್ನದಲ್ಲ.

ಹೊಸಬರಿಗೆ ಇಷ್ಟೇ. ಎಲೆ ಹಂಚಿ, ಚಕ್ರ ತಿರುಗಿಸಿ, ಲೆಕ್ಕ ಸರಿಯಾಗಿ ಕೊಡಿ. ಯಾರಾದರೂ ಏನು ಮಾಡಲಿ ಎಂದು ಕೇಳಿದರೆ ಬಾಯಿ ಮುಚ್ಚಿಕೊಂಡಿರಿ. ಮುಚ್ಚಿಕೊಂಡಿರಲು ಆಗುವುದೇ ಇಲ್ಲ ಎಂದಾದರೆ ನಿಮ್ಮ ತಾಯಿ ಕಲಿಸಿದ ಭಾಷೆಯಲ್ಲಿ ಹೇಳಿ, ಕೇಳಿದವನು ತನ್ನ ಭಾಷೆಯಲ್ಲಿ ಅದನ್ನು ನಿಮಗೆ ತಿರುಗಿ ಹೇಳುವವರೆಗೂ ಅಲ್ಲಿಂದ ಏಳಬೇಡಿ.

ಕಳೆದ ತಿಂಗಳು ಒಂದು ಸೋಮವಾರ. ಸರಸಳೂ ಈಗ ನಿವೃತ್ತಳು. ಇಬ್ಬರೂ ತಿಂಡಿ ತಿನ್ನುತ್ತಿದ್ದೆವು. ಪದ್ಮಳ ಫೋನ್ ಬಂತು. ದನಿ ಸಮವಾಗಿತ್ತು.

"ಸಾರ್, ನಾನ್ನ ಓಡಿಪೋಯಾರು."

ನನ್ನ ತೆಲುಗು ಈಗ ಚೆನ್ನಾಗಿದೆ. ಸೋತು ಬಂದಿದ್ದಾನೆ, ಈ ಸಲ ದೊಡ್ಡದಾಗಿ ಸೋತಿರಬೇಕು ಎಂದುಕೊಂಡೆ. ಶುದ್ಧ ತೆಲುಗಿನಲ್ಲೇ ಸಮಾಧಾನ ಹೇಳಿದೆ. ಹೋಗಲಿ ಬಿಡಮ್ಮಾ, ಅಲ್ಲಿ ಕೂತವರೆಲ್ಲ ಸೋಲುವವರೇ, ಇವತ್ತು ಹೊಸದೇನಿದೆ, ಊಟ ಮಾಡಿಸು, ಮಲಗಿಸು, ಸಂಜೆ ನಾನೇ ಬಂದು ಮಾತಾಡುತ್ತೇನೆ ಎಂದೆ.

ಅವಳ ಹಿಂದೆ ಮನೆಯೊಡೆಯ ಬಾಕಿ ಬಾಡಿಗೆ ಕೇಳುತ್ತಾ ಜೋರಾಗಿ ಮಾತಾಡುತ್ತಿದ್ದ.

"ತೆಲುಗುಲೋ ಕಾದು ಸಾರ್" ಎಂದಳು. "ಮೀ ಭಾಷಲೋ."

ತೆಲುಗಲ್ಲಿ ಅಲ್ಲ ಸಾರ್. ನಿಮ್ಮ ಭಾಷೆಯಲ್ಲಿ.

ಫೋನ್ ಮೇಜಿನ ಮೇಲಿಟ್ಟು ಎದ್ದೆ. ಕೈ ತನ್ನಷ್ಟಕ್ಕೆ ತಾನೇ ತಟ್ಟಿಕೊಂಡಿತು. ಅಂಗೈ ಮೇಲೆ ಮಾಡಿದೆ, ಮಗುಚಲು ಆಗಲಿಲ್ಲ. ಸರಸ ನೋಡುತ್ತಿದ್ದಳು, ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವರ ಬೀದಿಯ ಕಡೆ ಹೊರಟೆ.